ಲೇಖಕರ ಗುರುತು ಇರಕೂಡದು

ಮೊದಲ ಷರತ್ತೇ ಅದು.
ಪ್ರಬಂಧದೊಳಗೆ ಎಲ್ಲೂ ಬರೆದವರ ಸುಳಿವು ಸಿಗಕೂಡದು:
ಹೆಸರು, ಕಾಲೇಜು, ಊರು,
‘ನನ್ನ ಹಿಂದಿನ ಅಧ್ಯಯನದಲ್ಲಿ’ ಎಂಬಂಥ ಮಾತು,
ಫೈಲಿನ ಬೆನ್ನಿಗೆ ಕಂಪ್ಯೂಟರು ತಾನಾಗಿ ಅಂಟಿಸುವ
ಮಾಲೀಕರ ಹೆಸರು ಕೂಡ.

ನನಗೇನು ಕಷ್ಟ?
ಗೋಣಿಕೊಪ್ಪದಲ್ಲಿ ಕಾಮರ್ಸಿನ ಅತಿಥಿ ಉಪನ್ಯಾಸಕಿ,
ಹತ್ತು ತಿಂಗಳ ಸಂಬಳದಲ್ಲಿ ಹನ್ನೆರಡು ತಿಂಗಳು ಉಣ್ಣುವವಳು.
ಹಾಜರಿ ಪುಸ್ತಕದಲ್ಲೂ ನಾನಿರುವುದು ಪೆನ್ಸಿಲ್ಲಿನಲ್ಲೇ.

ಅಳಿಸಿದೆ.
ಊರಿನ ಮೇಲೆ ಬಂದಾಗ ಬೆರಳು ತಡೆಯಿತು.
‘ದಕ್ಷಿಣ ಭಾರತದ ಒಂದು ಗುಡ್ಡಗಾಡು ಜಿಲ್ಲೆ’
ಎಂದು ಬರೆದು ಓದಿದೆ;
ಯಾರೋ ವಿಮಾನದಲ್ಲಿ ಹೋಗುತ್ತ ಬಗ್ಗಿ ನೋಡಿದಂತಿತ್ತು.

ವಿಷಯ: ಕರಿಮೆಣಸು, ಕಡಲು, ಸುಂಕ.
ಒಂದು ದೇಶದ ಮೆಣಸು ಇನ್ನೊಂದು ದೇಶದ ಕಾಗದ ಹೊತ್ತು
ನಮ್ಮ ಚೀಲದೊಳಗೆ ಬಂದು ಕೂರುವುದು.
ಮಾದರಿ: ನಲವತ್ತಮೂರು ವ್ಯಾಪಾರಿಗಳು.
ಹದಿನೇಳನೆಯವರು ಪೊನ್ನಂಪೇಟೆ ರಸ್ತೆಯ ಪೋಕರ್‌ಕುಟ್ಟಿ.
(ಇಲ್ಲಿ ಹೆಸರು ಹೇಳಬಹುದು, ಇದು ಪದ್ಯ.)

ಚೀಲಕ್ಕೆ ಕೈಹಾಕಿ ನಾಲ್ಕು ಕಾಳು ಅಂಗೈಯಲ್ಲಿ ಉಜ್ಜಿ
ಒಂದನ್ನು ಬಾಯಿಗೆ ಹಾಕಿ ಕಣ್ಣು ಮುಚ್ಚಿದರು.
‘ಹಡಗಿನದು. ಖಾರ ಮುಂದೆ ಬರುತ್ತೆ,
ಹಿಂದೆ ಏನೂ ಇಲ್ಲ.’
ನಾನು ಹಾಗೇ ಬರೆದೆ.
‘ಇದಕ್ಕೆ ಆಕರವೇನು?’ ಎಂದು
ಗೈಡು ಅಂಚಿನಲ್ಲಿ ಕೆಂಪು ಮಾಡಿದರು.
ಆಕರ ಅವರ ನಾಲಿಗೆ, ಸರ್.
ನಲವತ್ತು ವರ್ಷ ಹಳೆಯದು. ಪುಟ ಸಂಖ್ಯೆ ಇಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಅವರೇ ಅಂದಿದ್ದರು,
‘ಹೆಸರು ಹಾಕಿ ಟೀಚರೇ, ಹೆದರಿಕೆ ಇಲ್ಲ,
ಇದೇ ಹೆಸರಲ್ಲಿ ಇಷ್ಟು ವರ್ಷ ತೂಗಿದ್ದೇನೆ.’
ನಿಯಮ ಬಿಡಲಿಲ್ಲ.
ಕೋಷ್ಟಕದಲ್ಲಿ ಅವರು ‘ಪ್ರತಿಕ್ರಿಯಿಸಿದವರು: 17’.

ಕೃತಿಚೌರ್ಯ ಪತ್ತೆಯ ಯಂತ್ರ ಮೂವತ್ತೊಂದು ಶೇಕಡಾ ಎಂದಿತು.
ನೋಡಿದರೆ ಕದ್ದದ್ದು ನನ್ನದೇ ಎಂಫಿಲ್‌ನಿಂದ.
ನನ್ನ ಮನೆಗೆ ನಾನೇ ಕನ್ನ ಹಾಕಿ
ಬೆರಳಚ್ಚು ಬಿಟ್ಟು ಬಂದಿದ್ದೆ.
ಎರಡು ರಾತ್ರಿ ಕೂತು ‘ಆದ್ದರಿಂದ’ಗಳನ್ನೆಲ್ಲ
‘ಹೀಗಾಗಿ’ ಮಾಡಿದೆ.

ಕೊನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು.
ಅವರ ನಡುಹಗಲು ನಮಗೆ ಸಂಜೆ ಐದೂವರೆ;
ಐದಕ್ಕೆ ಲ್ಯಾಪ್‌ಟಾಪ್ ಎದೆಗವುಚಿಕೊಂಡು
ಅದೇ ಅಂಗಡಿಗೆ ಓಡಿದೆ.
ಕೊಚ್ಚಿಯ ದರ ನೋಡಲೆಂದು ಅವರು ಇಟ್ಟುಕೊಂಡ ನೆಟ್ಟು,
ಪುಟ್ಟ ಇನ್ವರ್ಟರು.
ತೂಕದ ಯಂತ್ರದ ಮೇಲೇ ಲ್ಯಾಪ್‌ಟಾಪ್ ಇಟ್ಟೆ.
ಎರಡು ಕಿಲೋ ನೂರತೊಂಬತ್ತು ಗ್ರಾಂ.

ನೀಲಿ ಗೆರೆ ಹರಿಯುತ್ತಿತ್ತು, ನಿಲ್ಲುತ್ತಿತ್ತು.
ಎಪ್ಪತ್ತು ಶೇಕಡಾದಲ್ಲಿ ಯಾರೋ ಎರಡು ಚೀಲ ಕಾಫಿ ತಂದಿಳಿಸಿದರು.
ಎಂಬತ್ತನಾಲ್ಕು.
‘ಎಷ್ಟಕ್ಕೆ ಹೋಗುತ್ತೆ ಇದು?’ ಕೇಳಿದರು.
‘ಅವರು ಒಪ್ಪಿದರೆ ನಾನು ಹದಿನೆಂಟು ಸಾವಿರ ಕಟ್ಟಬೇಕು.’
ಕೈಯ ಮೊರ ಕೆಳಗಿಟ್ಟರು.
‘ಮಾಲು ನಿಮ್ಮದು, ಸಾಗಿಸೋದು ನೀವು,
ದುಡ್ಡೂ ನೀವೇ ಕೊಡೋದು.
ಇದ್ಯಾವ ಬಿಸಿನೆಸ್ಸು ಟೀಚರೇ?’
‘ಇಂಟರ್‌ನ್ಯಾಷನಲ್’ ಅಂದೆ.

ಕಾಫಿಯವನೂ ನಕ್ಕ. ಚೀಲ ಹೊಲಿಯುವ ಹುಡುಗನೂ.
ನಾನು ನಗುತ್ತಲೇ ಪರದೆ ನೋಡುತ್ತಿದ್ದೆ.

ಐದು ಇಪ್ಪತ್ತೇಳಕ್ಕೆ ಉತ್ತರ ಬಂತು:
ಸ್ವೀಕರಿಸಲಾಗಿದೆ, ನಿಮ್ಮ ಸಂಖ್ಯೆ 417,
ಮುಂದಿನ ವ್ಯವಹಾರಕ್ಕೆಲ್ಲ ಇದನ್ನೇ ಬಳಸುವುದು.

‘ಮರೆತೀರಿ’ ಎಂದು ಅವರು ಲೆಕ್ಕದ ಪುಸ್ತಕ ತೆರೆದು
ಆ ದಿನದ ಮೆಣಸಿನ ಕೆಳಗೆ 417 ಬರೆದರು.
ಪಕ್ಕದಲ್ಲಿ ಮಲಯಾಳದಲ್ಲಿ ಇನ್ನೇನೋ.
ಏನದು ಎಂದೆ.
‘ನಿಮ್ಮ ಹೆಸರು.’

ದುಂಡಗೆ, ಒಂದಕ್ಕೊಂದು ಒರಗಿದ ಮೂರು ಅಕ್ಷರ.
ನನಗೆ ಓದಲು ಬರಲಿಲ್ಲ.